ಬೋರಲು ಹಾಕಿದ ಬಕೆಟ್

ಫೆಬ್ರವರಿ 16, ಭಾನುವಾರ

ಹೊಸ ನೋಟ್‌ಬುಕ್ ಹೊಲಿದೆ. ಎಂದಿನಂತೆ ಪ್ರೆಸ್ಸಿನ ವೇಸ್ಟ್ ಹಾಳೆಗಳದ್ದೇ. ಒಂದು ಬದಿಗೆ ಯಾರದೋ ಮದುವೆಯ ಕರೆಯೋಲೆ, ಕೆಮ್ಮಿನ ಔಷಧಿಯ ಲೇಬಲ್ಲು, ಕೋಚಿಂಗ್ ಕ್ಲಾಸಿನ ಜಾಹೀರಾತು. ಇನ್ನೊಂದು ಬದಿ ಬಿಳಿ. ಆ ಬಿಳಿ ನನ್ನದು.

ಮಷಿನ್ ಶುರುವಾದಾಗ ಬಣ್ಣ ಹೊಂದಿಕೊಳ್ಳುವ ತನಕ ನೂರಿನ್ನೂರು ಹಾಳೆ ಕೆಡುತ್ತವೆ. ಉಳಿದವರು ಅವುಗಳ ಮೇಲೆ ವಡಾಪಾವ್ ಇಟ್ಟುಕೊಂಡು ತಿನ್ನುತ್ತಾರೆ. ನಾನು ಓದುತ್ತೇನೆ. ಹತ್ತನೆಯ ತರಗತಿಯಾದ ಮೇಲೆ ನನ್ನ ಕಾಲೇಜು ಎಂದರೆ ಜೋಗೇಶ್ವರಿಯ ಈ ಪ್ರೆಸ್ಸೇ. ಕ್ಷಯರೋಗ, ಕುಡಿಯುವ ನೀರಿನ ಹಕ್ಕು, ಕನಿಷ್ಠ ಕೂಲಿ, ಮೂಢನಂಬಿಕೆ, ಮನೆಗೆಲಸದಲ್ಲಿ ಗಂಡಸಿನ ಪಾಲು. ನಲವತ್ತೊಂದು ಕರಪತ್ರ ಟ್ರಂಕಿನಲ್ಲಿವೆ. ಯಾವುದನ್ನು ಕೇಳಿದರೂ ಬಾಯಿಪಾಠ ಹೇಳಬಲ್ಲೆ.

ನಲವತ್ತೆರಡನೆಯದು ಮೊನ್ನೆ ಬಂತು. ಮಲಾಡಿನ ಒಂದು ಸಂಸ್ಥೆ ಹೊಸ ತಾಯಿತಂದೆಯರಿಗಾಗಿ ಹಿಂದಿ, ಮರಾಠಿ, ಕನ್ನಡದಲ್ಲಿ ಮಾಡಿಸುತ್ತಿರುವುದು. ಕನ್ನಡದ್ದು ಎರಡು ಸಾವಿರ. ತಲೆಬರಹ: ಮಗು ಸುಮ್ಮನೆ ಅಳುವುದಿಲ್ಲ. ಕೆಳಗೆ ಏಳು ಕಾರಣಗಳು. ಹಸಿವು, ಒದ್ದೆ ಬಟ್ಟೆ, ಸೆಕೆ ಅಥವಾ ಚಳಿ, ಬಾರದ ತೇಗು, ನಿದ್ದೆ, ಕಾಯಿಲೆ, ಅಪ್ಪುಗೆಯ ಆಸೆ. ಕೊನೆಗೆ ದಪ್ಪ ಅಕ್ಷರದಲ್ಲಿ: ಅಳುವ ಮಗುವಿಗೆ ಬೇಗ ಓಗೊಡಿ.

ನಮ್ಮ ಮನೆಗೆಂದೇ ಬರೆದಂತಿದೆ. ಅಣ್ಣನ ಮಗಳು ಹರಿಣಿಗೆ ಇವತ್ತಿಗೆ ಐದು ವಾರ ಎರಡು ದಿನ. ಸಂಜೆ ಐದಾದರೆ ಸಾಕು, ಚಾಳಿನ ತಗಡು ಹಾರಿಹೋಗುವ ಹಾಗೆ ಅಳುತ್ತಾಳೆ. ಅವಳ ತಾಯಿ ನನ್ನ ವೈನಿ; ವೈನಿಯ ಅವ್ವ ತವರೂರು ಇಂಡಿಯಲ್ಲಿ ಸೊಂಟ ಮುರಿದುಕೊಂಡು ಮಲಗಿರುವುದರಿಂದ ಬಾಣಂತನ ಇಲ್ಲೇ, ಹತ್ತು ಬೈ ಹನ್ನೆರಡರ ಈ ಒಂದೇ ಕೋಣೆಯಲ್ಲಿ ನಡೆದಿದೆ. ಅಣ್ಣ ಅಣವೀರಪ್ಪ ಬಿಲ್ಡಿಂಗುಗಳಿಗೆ ಟೈಲ್ಸ್ ಹಾಕುತ್ತಾನೆ. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಎಂಟಕ್ಕೆ. ಅಂದರೆ ಈ ಮನೆಯಲ್ಲಿ ಯೋಚಿಸುವ ಕೆಲಸ ನನ್ನದು.

ಹಾಳೆಯನ್ನು ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿದೆ. ವೈನಿ ಏಳನೆಯ ತರಗತಿ ಓದಿದವರು. ಬೆರಳಿಟ್ಟು ನಿಧಾನವಾಗಿ ಓದಿದರು.

"ಈ ಏಳೂ ನೋಡೀನಿ ಸುಭಾಷಪ್ಪ. ಎಂಟನೇದೊಂದು ಬರೀರಿ. ಸುಮ್ಮಸುಮ್ಮನ ಅಂತ."

"ವೈನಿ, ಕಾರಣ ಇಲ್ದ ಜಗತ್ತಿನಾಗ ಏನೂ ಆಗೂದಿಲ್ಲ. ಅದಕ್ಕ ವಿಜ್ಞಾನ ಅಂತಾರ."

"ಹಂಗಾರ ನಿಮ್ಮ ವಿಜ್ಞಾನ ಒಂದೀಟು ಇಕೀನ ಎತ್ಕೊಳ್ಳಲಿ, ನಾ ಅನ್ನಕ್ಕಿಡ್ತೀನಿ."

ಇಬ್ಬರೂ ನಕ್ಕೆವು. ಆದರೆ ನಾನು ಸಯನ್‌ಗೆ ಹೊರಡುವ ಹೊತ್ತಾಗಿತ್ತು. ಪ್ರತಿ ಭಾನುವಾರ ಅಲ್ಲಿ ನಮ್ಮ ಓದುಗರ ಕೂಟವಿರುತ್ತದೆ. ನಾಳೆಯಿಂದ ಬೇರೊಂದು ಪುಸ್ತಕದಲ್ಲಿ ಅಳುವಿನ ಚಾರ್ಟ್ ಬರೆಯಬೇಕು: ಶುರುವಾದ ಹೊತ್ತು, ನಿಂತ ಹೊತ್ತು, ಕಾರಣ.

ಫೆಬ್ರವರಿ 18, ಮಂಗಳವಾರ

ಊಟದ ಬಿಡುವಿನಲ್ಲಿ ಕಾಗದದ ರೀಮುಗಳ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನೆ ನಾನು ಮನೆಗೆ ಹೋಗುವಷ್ಟರಲ್ಲಿ ಪಕ್ಕದ ಕೋಣೆಯ ಹನುಮವ್ವ ಉಪ್ಪು ಮೆಣಸಿನಕಾಯಿ ಹಿಡಿದು ಮಗುವಿಗೆ ದೃಷ್ಟಿ ತೆಗೆಯುತ್ತಿದ್ದಳು. ಹೊಕ್ಕುಳ ಸುತ್ತ ಇಂಗಿನ ಗಂಧವನ್ನೂ ಹಚ್ಚಿದ್ದಳು. ಈ ಮುದುಕಿ ನಮ್ಮ ಗ್ಯಾಲರಿಯ ಮೂಢನಂಬಿಕೆಯ ಹೆಡ್ ಆಫೀಸು. ಹದಿನೆಂಟನೆಯ ಕರಪತ್ರದಲ್ಲಿದ್ದುದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟು: "ನೀ ಒಂದು ಹಡದು ಬಾ, ಆಮ್ಯಾಲ ಕೇಳತೀನಿ."

ಚಾರ್ಟ್: 5.10ರಿಂದ (ಶುರುವಾದ ಹೊತ್ತು ವೈನಿ ಹೇಳಿದ್ದು) 7.25. ಕಾರಣ: ಪತ್ತೆಯಾಗಿಲ್ಲ.

ಫೆಬ್ರವರಿ 22, ಶನಿವಾರ

ವೈನಿ ಮಗುವನ್ನು ದವಾಖಾನೆಗೆ ತೋರಿಸಿಕೊಂಡು ಬಂದರು. ತೂಕ ಸರಿಯಾಗಿ ಏರಿದೆ, ಜ್ವರವಿಲ್ಲ, ಹೊಟ್ಟೆ ಮೆತ್ತಗಿದೆ, ಹಾಲು ಚೆನ್ನಾಗಿ ಕುಡಿಯುತ್ತಾಳೆ. ಈ ವಯಸ್ಸಿನಲ್ಲಿ ಹೀಗೆ ಅಳುವುದುಂಟು, ಮೂರು ನಾಲ್ಕು ತಿಂಗಳಿಗೆ ಕಡಿಮೆಯಾಗುತ್ತದೆ ಎಂದರಂತೆ ಡಾಕ್ಟರಬಾಯಿ. "ತಾಯಿ ನಿದ್ದೆ ಮಾಡಬೇಕು" ಎಂದೂ ಹೇಳಿದರಂತೆ. ಅದನ್ನು ಹೇಳುವಾಗ ವೈನಿ ನಕ್ಕರು. ನಗು ಬಾಯಲ್ಲಿ ಮಾತ್ರ ಇತ್ತು.

ನನಗೆ ಸಮಾಧಾನವಾಗಲಿಲ್ಲ. "ಹೀಗೆ ಅಳುವುದುಂಟು" ಎನ್ನುವುದು ಉತ್ತರವಲ್ಲ. ಕಾರಣ ಸಿಕ್ಕಿಲ್ಲವೆಂದರೆ ಹುಡುಕಿದ್ದು ಸಾಲದು ಎಂದರ್ಥ. ಹಾಗೆಂದು ವೈನಿಗೆ ಹೇಳಿದೆ.

ಚಾರ್ಟ್: 5.00ರಿಂದ 8.05, ನಡುವೆ ಹತ್ತು ನಿಮಿಷ ಬಿಡುವು.

ಫೆಬ್ರವರಿ 25, ಮಂಗಳವಾರ

ನಿನ್ನೆ ಕರೆಂಟ್ ಹೋಗಿ ಮಷಿನ್ ನಿಂತಿದ್ದರಿಂದ ಐದೂವರೆಗೇ ಮನೆಗೆ ಬಂದೆ. ನೀರು ಬರುವ ಹೊತ್ತು. ಕೋಣೆಗಳ ಮುಂದೆ ಉದ್ದಕ್ಕಿರುವ ಗ್ಯಾಲರಿಯ ತುದಿಯ ನಲ್ಲಿಗೆ ಹೆಂಗಸರೆಲ್ಲ ಕೊಡ, ಹಂಡೆ ಸಾಲು ಹಚ್ಚಿಕೊಂಡು ನಿಂತಿದ್ದರು. ನಮ್ಮ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಒಳಗೆ ಹರಿಣಿ ಉಸಿರು ಕಟ್ಟುವಂತೆ ಅಳುತ್ತಿದ್ದಳು. ಹೊರಗೆ, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ವೈನಿ ಕೂತಿದ್ದರು. ಗೋಡೆಗೆ ಬೆನ್ನು, ಕಣ್ಣು ಮುಚ್ಚಿತ್ತು. ತುಟಿ ಅಲ್ಲಾಡುತ್ತಿತ್ತು, ಏನೋ ಜಪದ ಹಾಗೆ. ನಮ್ಮ ಹಂಡೆಯನ್ನು ಹನುಮವ್ವ ನಲ್ಲಿಯ ಕೆಳಗೆ ಹಿಡಿದಿದ್ದಳು. ಒಬ್ಬಳೂ ವೈನಿಯನ್ನು ಎಬ್ಬಿಸಲಿಲ್ಲ. ಎಲ್ಲರೂ ಸೇರಿ ನೋಡಿಯೂ ನೋಡದವರ ಹಾಗೆ ನಿಂತಿದ್ದರು. ನನಗೆ ಮೈ ಉರಿಯಿತು.

"ವೈನಿ! ಕೂಸು ಒಳಗ ಸಾಯೂಹಂಗ ಅಳಾಕತ್ತೈತಿ, ನೀವು ಇಲ್ಲಿ ಗಾಳಿ ತಗೋಳಾಕತ್ತೀರೇನು?"

ಅವರು ಕಣ್ಣು ತೆರೆದರು.

"ಬೇಗ ಓಗೊಡಿ ಅಂತ ಗ್ವಾಡಿಗೆ ಹಚ್ಚೀನಿ. ಓದಿ ಏನು ಉಪಯೋಗ ಆತು? ತಾಯಿ ಅನ್ನಿಸಿಕೊಂಡಾಕಿ ಮಾಡೂ ಕೆಲಸನ ಇದು?"

"ಏ ಸುಭಾಷ, ಸಾಕು ಮಾಡು" ಎಂದಳು ಹನುಮವ್ವ.

ಸಾಕು ಮಾಡಲಿಲ್ಲ. ಅನ್ಯಾಯ ಕಂಡಲ್ಲಿ ಸುಮ್ಮನಿರುವವನು ಅನ್ಯಾಯದ ಪಾಲುದಾರ. ನಾನು ಹೇಳಿದ್ದನ್ನು ಕೆಳಗಿನ ಮಹಡಿಯವರೂ ಕೇಳಿರಬೇಕು. ವೈನಿ ಎದ್ದರು, ಬಕೆಟ್ಟನ್ನು ನೆಟ್ಟಗೆ ಮಾಡಿ ನಲ್ಲಿಯ ಸಾಲಿನಲ್ಲಿಟ್ಟರು, ಒಳಗೆ ಹೋಗಿ ಮಗುವನ್ನು ಎತ್ತಿಕೊಂಡರು.

ಅಣ್ಣನಿಗೆ ಯಾರೋ ಮೆಟ್ಟಿಲಲ್ಲೇ ಹೇಳಿದ್ದರು. ಉಂಡು ಕೈ ತೊಳೆಯುತ್ತ, "ಮಂದಿ ಆಡಿಕೊಳ್ಳೂಹಂಗ ಮಾಡಬ್ಯಾಡ. ಇನ್ನ ಮ್ಯಾಲ ಕೂಸಿನ್ನ ಬಿಟ್ಟು ಹೊರಗ ಕುಂದ್ರಬ್ಯಾಡ" ಎಂದ. ವೈನಿ ತಟ್ಟೆ ತೆಗೆದರು.

ಕಹಿಯಾದರೂ ಹೇಳಬೇಕಾದ್ದನ್ನು ಹೇಳಿದ್ದೇನೆ.

ಮಾರ್ಚ್ 1, ಶನಿವಾರ

ನಾಲ್ಕು ದಿನದಿಂದ ವೈನಿ ಗ್ಯಾಲರಿಗೆ ಬಂದು ಕೂತಿಲ್ಲ. ಗೆದ್ದೆ. ನೀರನ್ನು ಬೆಳಿಗ್ಗೆ ನಾನೇ ಕೆಳಗಿನ ಟ್ಯಾಂಕಿನಿಂದ ಎರಡು ಕೊಡ ತಂದಿಡುತ್ತಿದ್ದೇನೆ.

ಚಾರ್ಟ್: 4.50ರಿಂದ 8.30. ಬೇಳೆಗೆ ಎರಡು ಸಲ ಉಪ್ಪು ಬಿದ್ದಿತ್ತು. "ಉಣ್ರಿ" ಎನ್ನದೆ ತಟ್ಟೆ ಇಟ್ಟರು.

ಮಾರ್ಚ್ 3, ಸೋಮವಾರ

ನಿನ್ನೆ ಸಯನ್‌ನಲ್ಲಿ ನಾನೇ ಭಾಷಣ ಮಾಡಿದೆ. ವಿಷಯ: ಶಿಶುಪಾಲನೆಯಲ್ಲಿ ವೈಜ್ಞಾನಿಕ ದೃಷ್ಟಿ. ಆರು ಜನ ಇದ್ದರು. ಏಳು ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಚಪ್ಪಾಳೆ ಬಂತು. ದಾದರದಲ್ಲಿ ಗಾಡಿ ಬದಲಿಸಿ ಮನೆ ಮುಟ್ಟಿದಾಗ ಏಳು ಗಂಟೆ.

ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಮಲಗುವ ಹೊತ್ತಿನ ತನಕ ನಮ್ಮ ಚಾಳಿನಲ್ಲಿ ಯಾರೂ ಚಿಲಕ ಹಾಕುವುದಿಲ್ಲ. ಮಗು ಅಳುತ್ತಿತ್ತು. ಮೂರು ಸಲ ಬಡಿದ ಮೇಲೆ ತೆರೆಯಿತು. ಚಾಪೆಯ ಮೇಲೆ ಹರಿಣಿ ಅಂಗಾತ ಮಲಗಿ ಕೈಕಾಲು ಬಡಿಯುತ್ತಿದ್ದಳು. ವೈನಿ ಚಿಲಕ ತೆಗೆದವರೇ ಹೋಗಿ ಮೊದಲಿನ ಜಾಗದಲ್ಲೇ ಕೂತರು, ಮೂಲೆಯಲ್ಲಿ, ಮಗುವಿನಿಂದ ಆದಷ್ಟು ದೂರ. ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ, ತಮ್ಮ ಕೈಗಳ ಮೇಲೆ ತಾವೇ ಕೂತಿದ್ದರು.

"ಯಾಕ ವೈನಿ ಹಿಂಗ ಕುಂತೀರಿ?"

"ಹೊರಗ ಕುಂದ್ರಬ್ಯಾಡ ಅಂದ್ರಲ್ಲ. ಅದಕ್ಕ ಒಳಗ ಕುಂತೀನಿ."

ನಾನು ಮಗುವನ್ನು ಎತ್ತಿಕೊಂಡೆ. ಐದು ನಿಮಿಷದಲ್ಲಿ ಅದಾಗಿಯೇ ಸುಮ್ಮನಾಯಿತು. ಎತ್ತಿಕೊಂಡರೆ ಸುಮ್ಮನಾಗುತ್ತದೆ ಎಂದರೆ ಕಾರಣ ಏಳನೆಯದು, ಅಪ್ಪುಗೆ. ಚಾರ್ಟಿನಲ್ಲಿ ಬರೆದೆ.

ಆದರೆ ಆ ಕೈಗಳು ಯಾಕೆ ಹಾಗೆ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಯಾವ ಕರಪತ್ರದಲ್ಲೂ ಇಲ್ಲ.

ಮಾರ್ಚ್ 5, ಬುಧವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬೆಳಿಗ್ಗೆ ಆಪರೇಟರ್ ಅಮೋಲ್ ಹಾಳೆಗಳ ಹಳೆಯ ಥಪ್ಪಿಯೊಂದನ್ನು ತೋರಿಸಿ, "ಲೀಡರ್, ಇದನ್ನ ಪಲ್ಟಿ ಹೊಡಿ" ಎಂದ. ಪಲ್ಟಿ ಎಂದರೆ ಒಂದು ಬದಿ ಅಚ್ಚಾದ ಹಾಳೆಗಳನ್ನು ಮಗುಚಿ ಇನ್ನೊಂದು ಬದಿಗೆ ಅಚ್ಚು ಹಾಕುವುದು. ಮಗುಚಲು ಹೋದವನು ನೋಡುತ್ತೇನೆ, ನಮ್ಮ ಕನ್ನಡ ಕರಪತ್ರ. ಮಗು ಸುಮ್ಮನೆ ಅಳುವುದಿಲ್ಲ.

"ಇದಕ್ಕೆ ಹಿಂಬದಿ ಇದೆಯಾ?"

"ಇಲ್ದೆ? ಸಂಸ್ಥೆಯವರು ಫೋನ್ ನಂಬರ್ ಬದಲಾಯಿಸ್ತೀವಿ ಅಂತ ಪ್ಲೇಟ್ ತಡೆದಿದ್ರು. ಮೂರು ವಾರದಿಂದ ಅರ್ಧವೇ ಬಿದ್ದಿದೆ."

ಅಂದರೆ ನಾನು ಮನೆಗೆ ಒಯ್ದದ್ದು, ಅಂಟಿಸಿದ್ದು, ಸಯನ್‌ನಲ್ಲಿ ಬಿಡಿಸಿ ಹೇಳಿದ್ದು ಅರ್ಧ. ಮಷಿನ್ನಿನಿಂದ ಹೊರಬಿದ್ದ ಮೊದಲ ಹಾಳೆಯನ್ನು ಮಸಿ ಆರುವ ಮೊದಲೇ ಓದಿದೆ. ಇಲ್ಲಿ ಬರೆದಿಡುತ್ತೇನೆ.

"ಕೆಲವು ಸಲ ಎಲ್ಲವನ್ನೂ ನೋಡಿದ ಮೇಲೂ ಮಗು ಅಳುತ್ತದೆ. ವೈದ್ಯರು ಮಗು ಆರೋಗ್ಯವಾಗಿದೆ ಎಂದಿದ್ದರೆ, ಅದು ನಿಮ್ಮ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ. ಸಹನೆ ಮುಗಿಯುತ್ತಿದೆ ಅನ್ನಿಸಿದರೆ ಮಗುವನ್ನು ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ. ದಿಂಬು, ಹೊದಿಕೆ ಹತ್ತಿರ ಬೇಡ. ಹೊರಗೆ ಬನ್ನಿ. ಹತ್ತು ನಿಮಿಷ ಕೂತುಕೊಳ್ಳಿ. ಯಾರನ್ನಾದರೂ ಕರೆಯಿರಿ. ನೀವು ಶಾಂತವಾದ ಮೇಲೆ ಹೋಗಿ ನೋಡಿ. ಎಷ್ಟೇ ಸಿಟ್ಟು ಬಂದರೂ ಮಗುವನ್ನು ಅಲುಗಾಡಿಸಬೇಡಿ. ಒಂದು ಕ್ಷಣ ಜೋರಾಗಿ ಅಲುಗಾಡಿಸಿದರೂ ಮಗುವಿನ ಮೆದುಳಿಗೆ ಪೆಟ್ಟು ಬೀಳಬಹುದು, ಜೀವವೇ ಹೋಗಬಹುದು."

ಬಕೆಟ್ಟು. ಮುಚ್ಚಿದ ಕಣ್ಣು. ತೊಡೆಯ ಕೆಳಗಿನ ಕೈಗಳು.

"ಯಾಕೋ ಲೀಡರ್, ನಿಂತುಬಿಟ್ಟೆ?" ಅಮೋಲ್ ಬಂದು ಹಾಳೆ ಇಸಿದುಕೊಂಡ. ಅವನಿಗೆ ಕನ್ನಡ ಬರುವುದಿಲ್ಲ, ನಮ್ಮ ಮಾತೆಲ್ಲ ಹಿಂದಿಯಲ್ಲಿ. ಮರಾಠಿಯದ್ದರ ಹಿಂಬದಿಯನ್ನು ನಿನ್ನೆ ಅವನೇ ಅಚ್ಚು ಹಾಕಿದ್ದ. "ಇದಾ? ಸರಿಯಾಗೇ ಬರ್ದಿದಾರೆ. ನಮ್ಮ ದೊಡ್ಡವನು ಹುಟ್ಟಿದಾಗ ನಾನೊಂದು ಸಲ ಸ್ಟೀಲ್ ಡಬ್ಬಿಗೆ ಒದ್ದು ಸೊಟ್ಟ ಮಾಡಿದ್ದೆ. ಹೆಂಡತಿ ಹೇಳಿದಳು, ಮೊದಲು ಕೆಳಗಿಳಿದು ಬಿಲ್ಡಿಂಗ್ ಸುತ್ತು ಹಾಕಿ ಬಾ ಅಂತ. ಮದುವೆಯಲ್ಲಿ ಹಾಕಿದ್ದು ಏಳೇ ಸುತ್ತು. ಮಗು ಹುಟ್ಟಿದ ಮೇಲೆ ಎಪ್ಪತ್ತು."

ನಾನು ನಗಲಿಲ್ಲ. ಒಂದು ಹಾಳೆ ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಮಾರ್ಚ್ 7, ಶುಕ್ರವಾರ

ಹಾಳೆ ಜೇಬಿನಲ್ಲೇ ಇದೆ. ಸರಿಯಾದ ಸಮಯ ನೋಡಿ ಹೇಳಬೇಕು. ಒಂದು ಬರಹವನ್ನು ಅರ್ಧ ಓದಿದವನ ತಪ್ಪೋ ಅರ್ಧ ಅಚ್ಚು ಹಾಕಿದವರ ತಪ್ಪೋ ಎಂಬುದನ್ನೂ ಯೋಚಿಸಬೇಕಾಗುತ್ತದೆ.

ನಿನ್ನೆಯೂ ಚಿಲಕ ಹಾಕಿತ್ತು. ಚಾರ್ಟ್ ಬರೆದಿಲ್ಲ.

ಮಾರ್ಚ್ 10, ಸೋಮವಾರ

ಪ್ರೆಸ್ಸಿಗೆ ಒಂದು ಗಂಟೆ ಮೊದಲೇ ಬಂದು ಕೂತಿದ್ದೇನೆ.

ನಿನ್ನೆ ಸಯನ್‌ಗೆ ಹೋಗಲಿಲ್ಲ. ಹೇಳಲೇಬೇಕೆಂದು ಮನೆಯಲ್ಲಿ ಉಳಿದೆ. ಬೆಳಿಗ್ಗೆ ಹೇಳಲಿಲ್ಲ, ಮಧ್ಯಾಹ್ನ ಹೇಳಲಿಲ್ಲ. ಅಣ್ಣ ಭಾನುವಾರವೂ ಕೆಲಸಕ್ಕೆ ಹೋಗಿದ್ದ. ಐದಕ್ಕೆ ನಲ್ಲಿ ಬಂತು. "ನೀವು ನೀರು ತುಂಬ್ರಿ ವೈನಿ, ನಾ ನೋಡ್ಕೋತೀನಿ" ಎಂದೆ. ಅವರು ನನ್ನ ಮುಖ ನೋಡಿ, ಹಂಡೆ ಎತ್ತಿಕೊಂಡು ಹೋದರು.

ಹರಿಣಿ ಶುರು ಮಾಡಿದಳು. ಈಗಷ್ಟೇ ಹಾಲು ಕುಡಿದಿದ್ದಳು, ಬಟ್ಟೆ ಒಣಗಿತ್ತು. ಹೆಗಲಿಗೆ ಹಾಕಿ ತಟ್ಟಿದೆ, ತೇಗಿದಳು. ಫ್ಯಾನ್ ಜೋರು ಮಾಡಿದೆ, ಕಡಿಮೆ ಮಾಡಿದೆ. ಹಣೆ ತಣ್ಣಗಿತ್ತು. ಎದೆಗೆ ಅಪ್ಪಿಕೊಂಡು ಬಾಗಿಲಿಂದ ಗೋಡೆಗೆ ಆರು ಹೆಜ್ಜೆ, ಗೋಡೆಯಿಂದ ಬಾಗಿಲಿಗೆ ಆರು ಹೆಜ್ಜೆ. ಏಳೂ ಮುಗಿದವು. ಅವಳು ನಿಲ್ಲಿಸಲಿಲ್ಲ. ಕಿವಿಯ ಪಕ್ಕದಲ್ಲೇ ಆ ಸದ್ದು, ಮುಖ ಕೆಂಪಗೆ, ಹಲ್ಲಿಲ್ಲದ ಆ ತೆರೆದ ಬಾಯಿ ನನ್ನನ್ನೇ ಬಯ್ಯುತ್ತಿದೆ ಅನ್ನಿಸಿತು. ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ. ಎರಡೂ ಕಂಕುಳಲ್ಲಿ ಹಿಡಿದು ಅವಳನ್ನು ನನ್ನ ಮುಖದೆದುರಿಗೆ ಎತ್ತಿದ್ದೆ. "ಏನು ಬೇಕು ನಿನಗ? ಏನು ಬೇಕು?" ಎಂದು ಯಾರೋ ಕೂಗುತ್ತಿದ್ದರು. ಅದು ನಾನೇ. ನನ್ನ ಹೆಬ್ಬೆರಳುಗಳು ಅವಳ ಎದೆಗೂಡಿನ ಮೇಲೆ ಒತ್ತಿದ್ದವು. ತೋಳಿನಲ್ಲಿ ಒಂದು ಶಕ್ತಿ ಬಂದು ನಿಂತಿತ್ತು. ರೀಮು ಎತ್ತುವಾಗ ಬರುತ್ತದಲ್ಲ, ಅಂಥದ್ದು.

ಚಾಪೆಯ ಮೇಲೆ ಅಂಗಾತ ಮಲಗಿಸಿದೆ. ದಿಂಬನ್ನು ದೂರ ಸರಿಸಿದೆ. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ. ಬಕೆಟ್ಟು ಬಾಗಿಲ ಪಕ್ಕದಲ್ಲಿತ್ತು. ಬೋರಲು ಹಾಕಿ ಕೂತೆ.

ನಲ್ಲಿಯ ಹತ್ತಿರದ ಹೆಂಗಸರು ನೋಡಿದರು. ಹನುಮವ್ವ ಬಂದು ಬಾಗಿಲ ಸಂದಿಯಲ್ಲಿ ಇಣುಕಿ ನೋಡಿ, ಹೊಸ್ತಿಲ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಕುಂದ್ರು. ನಾ ಒಂದು ಕಿವಿ ಒಳಗ ಇಟ್ಟಿರತೀನಿ."

ವೈನಿ ತುಂಬಿದ ಹಂಡೆ ಇಳಿಸಿ ನನ್ನೆದುರು ನಿಂತರು. ಒಳಗೆ ಓಡುತ್ತಾರೆ ಎಂದುಕೊಂಡೆ. ಓಡಲಿಲ್ಲ.

"ಎಷ್ಟಾತು?"

"ಗೊತ್ತಿಲ್ಲ. ನಾಕು ನಿಮಿಷ ಆಗಿರಬೇಕು."

"ಕೈ ನಡಗಾಕತ್ತಾವ ಇನ್ನೂ. ಕುಂದ್ರಿ."

ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡೆ.

"ನೀವು ಅವತ್ತು ಏನು ಜಪ ಮಾಡಾಕತ್ತಿದ್ರಿ ವೈನಿ?"

"ಯಾವ ಜಪ? ಎಣಸಾಕತ್ತಿದ್ದೆ. ಐನೂರರ ತನಕ ಎಣಿಸಿದ್ರ ಕೈ ನಿಲ್ತಿದ್ವು. ಆಮ್ಯಾಲ ಒಳಗ ಹೋಗ್ತಿದ್ದೆ." ಸೆರಗಿಗೆ ಕೈ ಒರೆಸಿಕೊಂಡು, "ನೀವು ಬೈದಾಗ ಮುನ್ನೂರಾ ಹತ್ತಕ್ಕ ಬಂದಿದ್ದೆ" ಎಂದರು.

ಜೇಬಿನಿಂದ ಹಾಳೆ ತೆಗೆದು ಕೊಟ್ಟೆ. ಬೆವರಿಗೆ ಮಡಿಕೆಯಲ್ಲಿ ಮಸಿ ಹರಡಿತ್ತು. ಹಿಂಬದಿ ಎಂದು ಹೇಳಿದೆ. ಅವರು ಬೆರಳಿಟ್ಟು ಓದಿದರು, ಪ್ರತಿ ಸಾಲೂ. ಒಂದು ಸಾಲಿನ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಯಾವ ಸಾಲು ಎಂದು ನನಗೆ ಕಾಣಲಿಲ್ಲ.

"ಇದು ಯಾವಾಗ ಸಿಕ್ತು?"

"ಬುಧವಾರ."

"ಇವತ್ತು ರವಿವಾರ."

ಒಳಗೆ ಹೋಗಿ ಮಗುವನ್ನು ಎತ್ತಿಕೊಂಡರು.

ಮಾರ್ಚ್ 11, ಮಂಗಳವಾರ

ನಿನ್ನೆ ಅಮೋಲ್‌ಗೆ ಹೇಳಿ ಐದಕ್ಕೇ ಬಿಟ್ಟೆ. ಬೈದದ್ದು ಎಲ್ಲರೆದುರು. ಹಾಗಾದರೆ ಇದೂ ಎಲ್ಲರೆದುರೇ ಆಗಬೇಕು. ನಲ್ಲಿಯ ಪಕ್ಕ ನಿಂತು ಹಿಂಬದಿಯನ್ನು ಗಟ್ಟಿಯಾಗಿ ಓದಿದೆ. ಕೊಡಕ್ಕೆ ನೀರು ಬೀಳುವ ಸದ್ದಿನಲ್ಲಿ ಅರ್ಧ ಕೇಳಿಸಿರಲಿಕ್ಕಿಲ್ಲ.

"ತಪ್ಪು ನನ್ನದು. ವೈನಿ ಮಾಡಿದ್ದ ಸರಿ" ಎಂದೆ.

ಹನುಮವ್ವ ಸೊಂಟಕ್ಕೆ ಕೈ ಇಟ್ಟಳು. "ಇಷ್ಟು ಹೇಳಾಕ ಹಾಳಿ ಬೇಕಾತೇನೋ ನಿನಗ? ಅಕಿ ಬಕೆಟ್ ಬೋರಲ ಹಾಕಿದ್ಲಂದ್ರ ಒಬ್ಬಾಕಿ ಬಾಗಲಾ ಕಾಯೂದು, ಒಬ್ಬಾಕಿ ಅಕಿ ಹಂಡೆ ತುಂಬೂದು. ಹತ್ತು ದಿನ ಹಂಗ ನಡದಿತ್ತು. ನೀ ಬೈದ ಮ್ಯಾಲ ಅಕಿ ಚಿಲಕಾ ಹಾಕ್ಕೊಂಡ್ಲು. ನಾವು ಬಡದ್ರೂ ತಗೀಲಿಲ್ಲ."

"ನನಗ ಯಾರೂ ಹೇಳಲಿಲ್ಲ."

"ನೀ ಯಾವಾಗ ಕೇಳಿದಿ? ಬರೇ ಹೇಳಾವ."

ಹೆಂಗಸರು ನಕ್ಕರು. ವೈನಿಯೂ ನಕ್ಕರು, ಸೆರಗು ಬಾಯಿಗೆ ಹಚ್ಚಿಕೊಂಡು. ಅದನ್ನು ನೋಡಿ ಎಷ್ಟು ದಿನವಾಗಿತ್ತು.

ಅಣ್ಣ ಬಂದ ಮೇಲೆ ಅವನಿಗೂ ಓದಿದೆ. "ಮಂದಿ ಏನಂತಾರ?" ಎಂದ.

"ಮಂದಿನ ನೀರು ತುಂಬಿ ಕೊಡಾಕತ್ತಾರ" ಎಂದರು ವೈನಿ.

ಅಣ್ಣ ತಟ್ಟೆಯಲ್ಲಿ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿದ. ಆಮೇಲೆ ತಲೆ ಎತ್ತದೆ ಹೇಳಿದ: "ನನಗ ಕೆಲಸ ಆರಕ್ಕ ಮುಗೀತದ. ಒಂದು ತಿಂಗಳಾತು. ಇಕಿ ಅಳೂದು ನಿಲ್ಲೂ ತನಕ ಸ್ಟೇಷನ್ನಿನ ಬೆಂಚಿನ ಮ್ಯಾಲ ಕುಂತಿರತೀನಿ. ಎತ್ಕೊಂಡ್ರ ನನ್ನ ಕೈಯಾಗ ಏನಾಗತದೋ ಅಂತ ಅಂಜಿಕಿ."

ನಾನು ಬೆರಗಾದೆ. ವೈನಿ ಬೆರಗಾಗಲಿಲ್ಲ.

"ಗೊತ್ತೈತಿ. ನಿಮ್ಮ ಬಕೆಟ್ಟು ಸ್ಟೇಷನ್ನಿನಾಗ ಇತ್ತು" ಎಂದು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಮಾರ್ಚ್ 16, ಭಾನುವಾರ

ಗೋಡೆಯ ಹಾಳೆ ಕಿತ್ತೆ. ಅಂಟಿಸಿದರೆ ಒಂದೇ ಬದಿ ಕಾಣುತ್ತದೆ. ಹೊಸದಕ್ಕೆ ದಾರ ಪೋಣಿಸಿ ಮೊಳೆಗೆ ತೂಗುಹಾಕಿದೆ. ಫ್ಯಾನಿನ ಗಾಳಿಗೆ ತಾನೇ ತಿರುಗುತ್ತಿರುತ್ತದೆ. ಹರಿಣಿ ಅದನ್ನೇ ನೋಡುತ್ತಾಳೆ.

ಅಣ್ಣ ಆರೂವರೆಗೆ ಬರುತ್ತಾನೆ. ಮೊದಲು ಅವನು, ಆಮೇಲೆ ನಾನು, ನಡುವೆ ವೈನಿ ಒಂದು ಗಂಟೆ ಹನುಮವ್ವನ ಕೋಣೆಯಲ್ಲಿ ಮಲಗಿ ಬರುತ್ತಾರೆ. ಮೊನ್ನೆ ಅಣ್ಣ ಬಕೆಟ್ಟಿನ ಮೇಲೆ ಕೂತಾಗ ಅದು ಕಿರ್ರೆಂದಿತು. "ಹೆಂಗಸರ ಬಕೆಟ್ಟದು, ಒಡದೀತು. ನಿಂದು ಸ್ಟೇಷನ್ನಿನಾಗಿಂದು ತಗೊಂಬಾ" ಎಂದಳು ಹನುಮವ್ವ. ಈ ಮಾತು ಅವಳಿಗೆ ಹೇಗೆ ಗೊತ್ತಾಯಿತೋ.

ಸಯನ್‌ನಿಂದ ಫೋನ್ ಬಂದಿತ್ತು. ಭಾಷಣದ ಮುಂದಿನ ಭಾಗ ಯಾವಾಗ ಎಂದು ಕೇಳಿದರು. ಮೊದಲ ಭಾಗವೇ ತಪ್ಪಾಗಿತ್ತು, ಬಂದು ತಿದ್ದುತ್ತೇನೆ, ಆದರೆ ಸಂಜೆ ಐದರ ಮೇಲೆ ಬರಲಾಗುವುದಿಲ್ಲ ಎಂದೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೇವುಬೆಲ್ಲ. ವೈನಿ ಹೋಳಿಗೆ ಮಾಡಿದರು. ನಾನು ಹೂರಣ ರುಬ್ಬಿದೆ. ಹನುಮವ್ವ ಇವತ್ತೂ ಮಗುವಿಗೆ ದೃಷ್ಟಿ ತೆಗೆದಳು. ಮೆಣಸಿನಕಾಯಿಯ ಹೊಗೆ ಮಗುವಿಗೆ ತಾಗದಂತೆ ಆಚೆ ಒಯ್ದು ಸುಡು ಎಂದೆ. ಒಯ್ದಳು.

ಹರಿಣಿ ತಿರುಗುವ ಹಾಳೆ ನೋಡಿ ನಕ್ಕಳು. ನಿದ್ದೆಗಣ್ಣಿನ ನಗುವಲ್ಲ, ನಿಜವಾಗಿ ನಕ್ಕಳು. ಅಣ್ಣ, ವೈನಿ, ನಾನು ಮೂವರೂ ನೋಡಿದೆವು.

ಚಾರ್ಟಿನ ಪುಸ್ತಕ ಎಲ್ಲಿ ಹೋಯಿತೋ ಸಿಗುತ್ತಿಲ್ಲ. ನಾಳೆ ಅಮೋಲ್‌ಗೆ ಒಯ್ಯಲು ವೈನಿ ಹೋಳಿಗೆ ಕಟ್ಟಿಟ್ಟಿರುವುದು ಅದರ ಹಾಳೆಯಲ್ಲೇ ಇರಬೇಕು.

ಏಪ್ರಿಲ್ 13, ಭಾನುವಾ‌ರ

ಈಗೀಗ ಅಳು ಬಹಳ ಕಡಿಮೆ. ನಾಲ್ಕೈದು ದಿನ ಸುಮ್ಮನಿದ್ದು, ಇವತ್ತು ಸಂಜೆ ಮಾತ್ರ ಹಳೆಯ ರಾಗ. ಅಣ್ಣ ಅರ್ಧ ಗಂಟೆ ಮಗುವನ್ನು ಎತ್ತಿಕೊಂಡು ತಿರುಗಾಡಿ, ಕೆಳಗೆ ಹಾಲು ತರಲು ಹೋಗಿದ್ದ. ವೈನಿ ಎತ್ತಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲು ಮುಂದೆ ಮಾಡಿದ ಸದ್ದು, ಆಮೇಲೆ ಬಕೆಟ್ಟಿನ ಸದ್ದು ಕೇಳಿತು. ಹನುಮವ್ವ ತನ್ನ ಹೊಸ್ತಿಲಿಂದ ಎದ್ದು ಬಂದು ನಮ್ಮ ಬಾಗಿಲ ಸಂದಿಗೆ ಕೂತಳು. ನಾನು ನಲ್ಲಿಯಲ್ಲಿ ನಮ್ಮ ಹಂಡೆ ಹಿಡಿದಿದ್ದೆ.

ಎಂಟನೆಯ ಕೋಣೆಗೆ ಹೊಸಬರು ಬಂದಿದ್ದಾರೆ, ಕಾಶಪ್ಪ ಎಂದು, ವಿಜಯಪುರದ ಕಡೆಯವರು. ತಲೆಯ ಮೇಲೆ ಗಂಟು ಹೊತ್ತು ಮೆಟ್ಟಿಲು ಹತ್ತಿ ಬಂದವನು ಗಕ್ಕನೆ ನಿಂತ. ಅವನ ಹಿಂದೆ ಅವನ ಹೆಂಡತಿ ಭುವನೇಶ್ವರಿ, ಏಳು ತಿಂಗಳ ಬಸುರಿ.

"ಯಾರ ಕೂಸರಿ ಅದು?"

"ನಮ್ದು."

"ಯಾಕ ಅಷ್ಟು ಅಳಾಕತ್ತೈತಿ?"

"ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲಂದ್ರ? ಅದರ ತಾಯಿ ಎಲ್ಲದಾಳ?"

ಗದ್ದ ಎತ್ತಿ ತೋರಿಸಿದೆ. ವೈನಿ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಕಾಶಪ್ಪ ಗಂಟು ಇಳಿಸಿ ಅವರ ಕಡೆ ಎರಡು ಹೆಜ್ಜೆ ಇಟ್ಟ. ಬಾಯಿ ತೆರೆದಿದ್ದ. ನಾನು ತುಂಬುತ್ತಿದ್ದ ಹಂಡೆಯನ್ನು ಬಿಟ್ಟು ಅವನಿಗೆ ಅಡ್ಡ ನಿಂತೆ.

"ಈಗ ಮಾತಾಡಸಬ್ಯಾಡ್ರಿ ಅವರನ್ನ. ಎಣಸಾಕತ್ತಾರ."

ಅವನಿಗೆ ಏನೂ ತಿಳಿಯಲಿಲ್ಲ. ಅವನ ಹೆಂಡತಿ ಮಾತ್ರ ಕೈಯಲ್ಲಿದ್ದ ಖಾಲಿ ಬಕೆಟ್ಟನ್ನು ನೆಲಕ್ಕಿಟ್ಟು, ವೈನಿಯ ತುಟಿಗಳನ್ನೇ ನೋಡುತ್ತ ನಿಂತಳು. ಹಂಡೆ ತುಂಬಿ ನೀರು ಅವಳ ಪಾದದ ತನಕ ಹರಿದು ಬಂದರೂ ಸರಿಯಲಿಲ್ಲ.